ಹತ್ತು ಮಂದಿಯ ನಡುವೆ ಕುಳಿತು ಓದುವುದು ಹೇಗೆ: ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಗೊಂದು ಮಾರ್ಗದರ್ಶಿ

ಬಸ್ಸಿನಲ್ಲಿ ಪುಸ್ತಕ ತೆರೆದು ಅರ್ಧ ಪುಟ ಓದುವಷ್ಟರಲ್ಲಿ ಪಕ್ಕದವರು ಮಾತಿಗೆಳೆಯುತ್ತಾರೆ, ಅವರ ಮನಸ್ಸು ನೋಯಿಸದೆ ಓದನ್ನು ಉಳಿಸಿಕೊಳ್ಳುವ ದಾರಿ ಯಾವುದು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹುಬ್ಬಳ್ಳಿ ಧಾರವಾಡದ ನಡುವೆ ದಿನವೂ ಓಡಾಡುವ ನೌಕರರು, ಪರೀಕ್ಷೆಗೆ ತಯಾರಾಗುತ್ತಿರುವ ವಿದ್ಯಾರ್ಥಿಗಳು, ಮನೆಯಲ್ಲಿ ಓದಲು ಪುರುಸೊತ್ತು ಸಿಗದ ಗೃಹಿಣಿಯರು, ಹೀಗೆ ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ದಿನಕ್ಕೆ ದೊರೆಯುವ ಒಂದೂವರೆ ಗಂಟೆಯ ಓದು ಪ್ರಯಾಣದಲ್ಲಿಯೇ ಇರುವವರಿಗೆ ಇದು ಸಣ್ಣ ತೊಂದರೆಯಲ್ಲ. ಆದ್ದರಿಂದ ಮನೆ ಬಿಡುವ ಮುನ್ನ ಮಾಡಬೇಕಾದ ತಯಾರಿಯಿಂದ ಹಿಡಿದು ಬಸ್ಸು ಇಳಿಯುವವರೆಗಿನ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತಗಳಿಗೆ ಹೋಗುವ ಮೊದಲು ಒಂದು ವಿಷಯವನ್ನು ತಿಳಿದಿರಬೇಕು. ನಮ್ಮ ಕಡೆ ಪಕ್ಕದಲ್ಲಿ ಕುಳಿತವರನ್ನು "ಯಾವೂರ್ರೀ ನಿಮ್ದು?" ಎಂದು ವಿಚಾರಿಸುವುದು ಸೌಜನ್ಯ, ವಿಚಾರಿಸದೆ ಕುಳಿತರೆ ಅದು ಬಿಂಕವೆನಿಸುತ್ತದೆ. ಓದು ಕೂಡ ಇಲ್ಲಿ ಬಹುಕಾಲ ಹತ್ತು ಜನ ಕೂಡಿ ಕೇಳುವ ಕೆಲಸವಾಗಿತ್ತು. ಶ್ರಾವಣ ಬಂತೆಂದರೆ ಗುಡಿಯಲ್ಲಿ, ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲೆ ಅಕ್ಷರ ಬಲ್ಲವರೊಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಸುತ್ತ ಕುಳಿತವರಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಗದಗಿನ ವೀರನಾರಾಯಣ ಗುಡಿಯಲ್ಲಿ ಕುಳಿತು ಕಾವ್ಯ ಕಟ್ಟಿದನೆಂದು ಜನ ನಂಬುವ ಕುಮಾರವ್ಯಾಸನೂ ನಮ್ಮ ಹಿರಿಯರ ಪಾಲಿಗೆ ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಮೂಲಕವೇ ದೊರೆತವನು. ಇಂಥ ಕಡೆ ಒಬ್ಬರು ತುಟಿ ಅಲುಗಿಸದೆ ಓದುತ್ತಿದ್ದರೆ, ಅದರಲ್ಲಿ ಏನಿದೆ ಎಂಬ ಕುತೂಹಲ ಪಕ್ಕದವರಿಗೆ ಹುಟ್ಟುವುದು ಸಹಜ. ಆದ್ದರಿಂದ ಈ ಲೇಖನದ ಇಡೀ ವಿಧಾನ ನಿಂತಿರುವುದು ಒಂದೇ ತಿಳಿವಳಿಕೆಯ ಮೇಲೆ: ಮೊದಲ ಪ್ರಶ್ನೆಯನ್ನು ತಪ್ಪಿಸಲು ಹೋಗಬೇಡಿ, ಅದಕ್ಕೆ ಪೂರ್ಣ ಉತ್ತರ ಕೊಟ್ಟು ಮುಗಿಸಿ. ಅರೆಬರೆ ಉತ್ತರವೇ ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ದಾರಿ ಮಾಡಿಕೊಡುತ್ತದೆ.

ಬೇಕಾಗುವ ಸಾಮಗ್ರಿ

ಕೈಯಲ್ಲಿ ಹಿಡಿಯಲು ಹಗುರವಾದ ಒಂದು ಪುಸ್ತಕ, ಪುಟದ ಗುರುತಿಗೆ ಒಂದು ದಪ್ಪ ಕಾಗದದ ಚೀಟಿ, ಒಂದು ಪೆನ್ಸಿಲ್, ಟಿಕೆಟಿಗೆ ಸರಿಹೊಂದುವ ಚಿಲ್ಲರೆ, ಮತ್ತು ಮಳೆಗಾಲವಾದರೆ ಪುಸ್ತಕ ಸುತ್ತಲು ಒಂದು ಪ್ಲಾಸ್ಟಿಕ್ ಚೀಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಟ್ಟೆಯ ಚೀಲವೊಂದನ್ನೇ ನಂಬಿದರೆ ಪುಸ್ತಕ ಉಬ್ಬುತ್ತದೆ. ಪೆನ್ನಿನ ಬದಲು ಪೆನ್ಸಿಲ್ ಏಕೆಂದರೆ ಬಸ್ಸು ಕುಲುಕಿದಾಗ ಪೆನ್ನಿನ ಗೆರೆ ಅಕ್ಷರದ ಮೇಲೆ ಹೋಗಿ ಉಳಿದುಬಿಡುತ್ತದೆ.

ಹಂತ 1: ಏನನ್ನು ಓದುವುದೆಂದು ಮನೆಯಲ್ಲಿಯೇ ನಿರ್ಧರಿಸಿ

ಜನರ ನಡುವೆ ಓದುವಾಗ ಪುಸ್ತಕದ ಹೊರರೂಪವೂ ಮಾತನಾಡುತ್ತದೆ. ಎಲ್ಲಕ್ಕಿಂತ ಹೆಚ್ಚು ಅಡಚಣೆ ತರುವುದು ದಿನಪತ್ರಿಕೆ. ನಮ್ಮ ಬಸ್ಸುಗಳಲ್ಲಿ ಪತ್ರಿಕೆ ಒಬ್ಬರ ಆಸ್ತಿಯಲ್ಲ; ತೆರೆದ ಮರುಕ್ಷಣವೇ "ಒಂದ್ ಹಾಳಿ ಕೊಡ್ರಲ್ಲಾ" ಎಂಬ ಕೋರಿಕೆ ಬರುತ್ತದೆ. ಪತ್ರಿಕೆ ಓದಲೇಬೇಕಾದರೆ ನಿಮಗೆ ಬೇಡವಾದ ಹಾಳೆಗಳನ್ನು ಮೊದಲೇ ಬೇರ್ಪಡಿಸಿ ತೊಡೆಯ ಮೇಲೆ ಇಟ್ಟುಕೊಳ್ಳಿ, ಕೇಳಿದ ತಕ್ಷಣ ಕೊಟ್ಟುಬಿಡಿ.

ಎರಡನೆಯದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಸರ್ಕಾರಿ ನೌಕರಿಯ ತಯಾರಿಗೆಂದು ದೂರದ ಜಿಲ್ಲೆಗಳಿಂದ ಯುವಜನರು ಬಂದು ನೆಲೆಸುವ ಊರು ಧಾರವಾಡ. ಹೀಗಾಗಿ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಕಂಡರೆ "ಯಾವ ಪರೀಕ್ಷಾಕ್ಕ ಕುಂಡ್ರಾಕತ್ತೀರಿ?" ಎಂಬ ವಿಚಾರಣೆ ತಪ್ಪದು, ತಮ್ಮ ಮಗನ, ಅಳಿಯನ ಪರೀಕ್ಷೆಯ ಕಥೆ ಅದರ ಹಿಂದೆಯೇ ಬರುತ್ತದೆ. ಇಂಥ ಪುಸ್ತಕಕ್ಕೆ ಶಾಲೆಯ ದಿನಗಳಂತೆ ಖಾಕಿ ಕಾಗದದ ಬೈಂಡ್ ಹಾಕಿ. ಹೊದಿಕೆಯ ಮೇಲೆ ಏನನ್ನೂ ಬರೆಯಬೇಡಿ. ಕಾದಂಬರಿಗೂ ಇದು ಒಳ್ಳೆಯದು, ಪುಸ್ತಕವೂ ಬಾಳಿಕೆ ಬರುತ್ತದೆ.

ಮೊಬೈಲಿನಲ್ಲಿ ಓದುವವರಿಗೆ ಒಂದು ಎಚ್ಚರಿಕೆ. ನೀವು ಗಂಭೀರವಾದ ಗ್ರಂಥವನ್ನೇ ಓದುತ್ತಿರಬಹುದು, ಆದರೆ ನೋಡುವವರ ಕಣ್ಣಿಗೆ ನೀವು ಬರಿದೇ ಮೊಬೈಲ್ ನೋಡುತ್ತಿದ್ದೀರಿ. ಕಾಗದದ ಪುಸ್ತಕಕ್ಕೆ ಸಿಗುವ ಮರ್ಯಾದೆ ಮೊಬೈಲಿಗೆ ಇನ್ನೂ ಸಿಕ್ಕಿಲ್ಲ. ಜೊತೆಗೆ ಕರೆ, ಸಂದೇಶಗಳ ಕಾಟ ಬೇರೆ. ಮೊಬೈಲೇ ಗತಿ ಎಂದಾದರೆ ಅದರಲ್ಲಿರುವ ಡು ನಾಟ್ ಡಿಸ್ಟರ್ಬ್ ಸೌಲಭ್ಯವನ್ನು ಬಳಸಿ. ಕರೆ ಮತ್ತು ಸಂದೇಶಗಳು ಸದ್ದು ಮಾಡದೆ ಒಳಗೆ ಸಂಗ್ರಹವಾಗುವಂತೆ ಮಾಡುವ ವ್ಯವಸ್ಥೆ ಅದು. ಮನೆಯವರ ಸಂಖ್ಯೆಗೆ ಮಾತ್ರ ವಿನಾಯಿತಿ ಕೊಡಲು ಅದರಲ್ಲಿ ಅವಕಾಶವಿದೆ.

ಹಂತ 2: ಜಾಗವನ್ನೂ ಹೊತ್ತನ್ನೂ ಆರಿಸಿಕೊಳ್ಳಿ

ಅಡಚಣೆಯ ಅರ್ಧ ಭಾಗವನ್ನು ಜಾಗದ ಆಯ್ಕೆಯೇ ಪರಿಹರಿಸುತ್ತದೆ, ಹೀಗಾಗಿ ಈ ಹಂತಕ್ಕೆ ಹೆಚ್ಚು ಗಮನ ಕೊಡಿ.

ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಓದುವವರಿಗೆ ಬಹಳ ಅನುಕೂಲಕರ. ಅದಕ್ಕೆ ರಸ್ತೆಯ ಮಧ್ಯದಲ್ಲಿ ಪ್ರತ್ಯೇಕ ದಾರಿ ಇರುವುದರಿಂದ ಬ್ರೇಕಿನ ಎಳೆತ ಕಡಿಮೆ, ಹವಾನಿಯಂತ್ರಣಕ್ಕಾಗಿ ಕಿಟಕಿ ಮುಚ್ಚಿರುವುದರಿಂದ ಧೂಳಿಲ್ಲ, ಟಿಕೆಟನ್ನು ನಿಲ್ದಾಣದಲ್ಲಿಯೇ ಪಡೆಯುವುದರಿಂದ ಒಳಗೆ ಕುಳಿತ ಮೇಲೆ ಚಿಲ್ಲರೆಯ ತಕರಾರಿಲ್ಲ. ಸುಮಾರು 20 ಕಿಲೋಮೀಟರ್ ದಾರಿಯಲ್ಲಿ ಒಂದು ಸಣ್ಣ ಅಧ್ಯಾಯ ಆರಾಮವಾಗಿ ಮುಗಿಯುತ್ತದೆ. ಆದರೆ ಕಚೇರಿ ಮತ್ತು ಕಾಲೇಜು ಬಿಡುವ ಹೊತ್ತಿನಲ್ಲಿ ನಿಂತೇ ಹೋಗಬೇಕಾಗುತ್ತದೆ. ನಿಂತು, ಒಂದು ಕೈಯಲ್ಲಿ ಕಂಬ ಹಿಡಿದು ಓದುವ ಸಾಹಸ ಬೇಡ. ಅದು ನಿಮಗೂ ಅಪಾಯ, ಅಕ್ಕಪಕ್ಕದವರಿಗೂ ತೊಂದರೆ.

ಗದಗ, ಹಾವೇರಿಗೆ ಹೋಗುವ ಸಾಮಾನ್ಯ ಬಸ್ಸುಗಳ ಪರಿಸ್ಥಿತಿ ಬೇರೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಜಾರಿಯಾದಂದಿನಿಂದ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ, ಅದು ಸಂತೋಷದ ಸಂಗತಿ. ಜೊತೆಗೆ ಬಸ್ಸಿನಲ್ಲಿ ಮಾತುಕತೆಯೂ ಹೆಚ್ಚಿದೆ. ಊರಿಂದೂರಿಗೆ ನಿಲ್ಲುವ ಬಸ್ಸಿನಲ್ಲಿ ಸಹಪ್ರಯಾಣಿಕರು ಪದೇ ಪದೇ ಬದಲಾಗುತ್ತಾರೆ, ಅಂದರೆ ಅದೇ ಪ್ರಶ್ನೆಗೆ ನೀವು ನಾಲ್ಕು ಸಲ ಉತ್ತರಿಸಬೇಕಾಗುತ್ತದೆ. ಓದುವ ಉದ್ದೇಶವಿದ್ದರೆ ನಿಲುಗಡೆ ಕಡಿಮೆ ಇರುವ ಬಸ್ಸನ್ನು ಕಾಯ್ದು ಹತ್ತಿರಿ. ಮಹಿಳೆಯರು ಶೂನ್ಯ ದರದ ಟಿಕೆಟಿಗೆ ತೋರಿಸಬೇಕಾದ ಗುರುತಿನ ಚೀಟಿಯನ್ನು ಮೊದಲೇ ಕೈಗೆ ತೆಗೆದುಕೊಂಡರೆ ಕಂಡಕ್ಟರ್ ಬಂದಾಗ ಚೀಲ ತಡಕಾಡುವ ಕೆಲಸ ತಪ್ಪುತ್ತದೆ.

ರೈಲಿನಲ್ಲಿ ದೂರ ಹೋಗುವವರು ಮೇಲಿನ ಬರ್ತನ್ನು ಕೇಳಿ ಪಡೆಯಿರಿ. ಬರ್ತ್ ಎಂದರೆ ಮಲಗುವ ಹಲಗೆ. ಕೆಳಗಿನ ಬರ್ತು ಹಗಲಿನಲ್ಲಿ ಎಲ್ಲರೂ ಕೂರುವ ಜಾಗ, ಅಲ್ಲಿ ಊಟದ ಬುತ್ತಿಯೂ ಬಿಚ್ಚುತ್ತದೆ, ಮಾತೂ ಬಿಚ್ಚುತ್ತದೆ. ಮೇಲೆ ಹತ್ತಿ ಕುಳಿತವರನ್ನು ಯಾರೂ ಮಾತನಾಡಿಸುವುದಿಲ್ಲ. ಸೈಡ್ ಲೋವರ್, ಅಂದರೆ ಓಣಿಯ ಬದಿಗಿರುವ ಕೆಳಗಿನ ಬರ್ತು, ಕಿಟಕಿಯ ಬೆಳಕಿನಿಂದಾಗಿ ಓದಲು ಸೊಗಸು. ಆದರೆ ಆರ್‌ಎಸಿ ಟಿಕೆಟಿನವರಿಗೆ ಅದನ್ನು ಇಬ್ಬರಿಗೆ ಹಂಚಿ ಕೊಡುತ್ತಾರೆ. ಆರ್‌ಎಸಿ ಎಂದರೆ ಬೇರೆಯವರು ಟಿಕೆಟ್ ರದ್ದುಮಾಡಿದರೆ ಮಾತ್ರ ಪೂರ್ಣ ಬರ್ತು ಸಿಗುವ, ಅಲ್ಲಿಯವರೆಗೆ ಕೂರಲಷ್ಟೇ ಜಾಗವಿರುವ ಟಿಕೆಟು. ಎದುರುಬದುರು ಮುಖ ಮಾಡಿ ಕೂರುವ ಆ ಜಾಗದಲ್ಲಿ ಮಾತು ತಪ್ಪಿಸುವುದು ಕಷ್ಟ.

ರೈಲು ಬರುವುದಕ್ಕೆ ಮುನ್ನ ಓದುವುದಾದರೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನಿಮ್ಮ ನೆರವಿಗಿದೆ. ಜನ ಸೇರುವುದು ಮೆಟ್ಟಿಲು, ಚಹಾದಂಗಡಿಗಳ ಹತ್ತಿರ. ಅಲ್ಲಿಂದ ಸ್ವಲ್ಪ ನಡೆದು ಹೋದರೆ ಶಾಂತವಾದ ಬೆಂಚು ಸಿಗುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ತಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ನೋಡಿಕೊಳ್ಳದೆ ತೀರ ತುದಿಗೆ ಹೋಗಿ ಕೂರುವುದು. ಒಂದೂವರೆ ಕಿಲೋಮೀಟರ್ ಉದ್ದವೆಂದರೆ ಕೊನೆಯ ಗಳಿಗೆಯಲ್ಲಿ ಓಡಿ ಮುಗಿಸುವ ದೂರವಲ್ಲ.

ಕುಳಿತು ಓದುವ ಜಾಗಗಳಲ್ಲಿ ಮೊದಲನೆಯದು ಸಾರ್ವಜನಿಕ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ಸಂಗ್ರಹಿಸುತ್ತಾರೆ. ಅಲ್ಲಿನ ಕುರ್ಚಿಯ ಮೇಲೆ ನಿಮಗಿರುವುದು ಹಕ್ಕು, ಸಂಕೋಚ ಬೇಡ. ಪತ್ರಿಕೆಗಳ ಮೇಜಿನ ಸುತ್ತ ಮಾತು ಇದ್ದೇ ಇರುತ್ತದೆ, ಆದ್ದರಿಂದ ಪರಾಮರ್ಶನ ವಿಭಾಗಕ್ಕೆ ಹೋಗಿ. ಮನೆಗೆ ಒಯ್ಯಲಾಗದ, ಅಲ್ಲಿಯೇ ಕುಳಿತು ನೋಡಬೇಕಾದ ನಿಘಂಟು, ಕೋಶಗಳಿರುವ ಭಾಗ ಅದು. ಧಾರವಾಡದ ಸಪ್ತಾಪುರದ ಸುತ್ತ ತಿಂಗಳ ಶುಲ್ಕದ ಖಾಸಗಿ ಓದುವ ಕೊಠಡಿಗಳೂ ಇವೆ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಆವರಣ ನಮಗೆಲ್ಲ ಪ್ರೀತಿಯದು, ಆದರೆ ಅದು ಸಾಹಿತ್ಯಾಸಕ್ತರು ಕಲೆತು ಮಾತನಾಡುವ ಜಾಗ. ಅಲ್ಲಿ ಪುಸ್ತಕ ಹಿಡಿದು ಕುಳಿತರೆ ಅದರ ಬಗ್ಗೆ ಚರ್ಚೆಗೆ ಸಿದ್ಧರಿರಬೇಕು.

ಕೆರೆಗಳ ವಿಷಯದಲ್ಲಿ ಹೊತ್ತೇ ಮುಖ್ಯ. ಉಣಕಲ್ ಕೆರೆಯ ದಂಡೆಯಾಗಲಿ ಸಾಧನಕೇರಿಯಾಗಲಿ ಭಾನುವಾರ ಸಂಜೆ ಮಕ್ಕಳ, ಕುಟುಂಬಗಳ ಜಾಗ. ಬೆಳಗಿನ ವಾಯುವಿಹಾರದವರು ಮನೆಗೆ ಮರಳಿದ ಮೇಲೆ ವಾರದ ದಿನಗಳಲ್ಲಿ ಹೋಗಿ. ಚಹಾದ ಹೋಟೆಲಿನಲ್ಲಿ ಓದುವುದಾದರೆ ಗಿರಮಿಟ್ಟು, ಮಿರ್ಚಿಯ ಗಿರಾಕಿಗಳು ಬರುವ ಸಂಜೆಯ ಹೊತ್ತನ್ನು ಬಿಟ್ಟುಕೊಡಿ. ಇನ್ನೊಬ್ಬರು ತಟ್ಟೆ ಹಿಡಿದು ನಿಂತಿರುವಾಗ ಪುಸ್ತಕದೊಂದಿಗೆ ಕುರ್ಚಿ ಹಿಡಿದು ಕೂರುವುದು ಸರಿಯಲ್ಲ.

ಹಂತ 3: ಆಸನ ಮತ್ತು ಕೂರುವ ರೀತಿ

ಕಿಟಕಿಯ ಪಕ್ಕದ ಆಸನವನ್ನೇ ಹಿಡಿಯಿರಿ, ಒಂದು ಬದಿಯಿಂದಲಾದರೂ ಯಾರೂ ಮಾತನಾಡಿಸುವುದಿಲ್ಲ. ಬಸ್ಸಿನಲ್ಲಿ ಹಿಂದಿನ ಗಾಲಿಯ ಮೇಲಿನ ಮತ್ತು ಅದರ ಹಿಂದಿನ ಆಸನಗಳನ್ನು ಬಿಡಿ, ಕುಲುಕಾಟ ಅಲ್ಲಿಯೇ ಹೆಚ್ಚು. ಓದಿದರೆ ಹೊಟ್ಟೆ ತೊಳಸುತ್ತದೆ ಎನ್ನುವವರು ಕಾರಣವನ್ನು ತಿಳಿದುಕೊಂಡರೆ ಉಪಾಯವೂ ಹೊಳೆಯುತ್ತದೆ: ಪುಟದ ಮೇಲೆ ನೆಟ್ಟ ಕಣ್ಣು ಎಲ್ಲವೂ ಸ್ಥಿರವಾಗಿದೆ ಎನ್ನುತ್ತದೆ, ಒಳಕಿವಿಯಲ್ಲಿರುವ ಸಮತೋಲನದ ಅಂಗ ದೇಹ ಚಲಿಸುತ್ತಿದೆ ಎನ್ನುತ್ತದೆ, ಈ ಎರಡರ ತಿಕ್ಕಾಟವೇ ವಾಕರಿಕೆ. ಪ್ರತಿ ಪುಟದ ಕೊನೆಗೆ ತಲೆಯೆತ್ತಿ ಕಿಟಕಿಯಾಚೆ ದೂರದ ಹೊಲವನ್ನು ಸ್ವಲ್ಪ ಹೊತ್ತು ನೋಡಿ.

ಪುಸ್ತಕವನ್ನು ಎರಡೂ ಕೈಯಲ್ಲಿ, ಎದೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಿಡಿಯಿರಿ. ತೊಡೆಯ ಮೇಲೆ ಬಿಡಿಸಿಟ್ಟು ಒಂದು ಕೈಯಲ್ಲಿ ಪುಟ ತಿರುವುತ್ತಿದ್ದರೆ ನೋಡುವವರಿಗೆ ಹೊತ್ತು ಕಳೆಯುತ್ತಿರುವಂತೆ ಕಾಣುತ್ತದೆ. ಕೈಯಲ್ಲೊಂದು ಪೆನ್ಸಿಲ್ ಇದ್ದರೆ ಇದು ಕೆಲಸದ ಓದು ಎಂಬುದು ಹೇಳದೆಯೇ ತಿಳಿಯುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಸುಲಭವಾದ ಸೂಚನೆ ಇನ್ನೊಂದಿಲ್ಲ.

ಪಕ್ಕದ ಆಸನದ ಮೇಲೆ ಚೀಲವಿಟ್ಟು ಜನರನ್ನು ದೂರವಿಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಇಯರ್‌ಫೋನ್ ಹಾಕಿ ಕೂರುವ ಉಪಾಯಕ್ಕೂ ಮಿತಿಯಿದೆ. ನಾಯ್ಸ್ ಕ್ಯಾನ್ಸಲೇಶನ್ ಇರುವ ಇಯರ್‌ಫೋನುಗಳು ಹೊರಗಿನ ಸದ್ದನ್ನು ಗ್ರಹಿಸಿ, ಅದಕ್ಕೆ ವಿರುದ್ಧವಾದ ಧ್ವನಿತರಂಗವನ್ನು ಹೊರಡಿಸಿ ಆ ಸದ್ದನ್ನು ಕುಗ್ಗಿಸುತ್ತವೆ. ಎಂಜಿನ್ನಿನ ಮೊರೆತಕ್ಕೆ ಅದು ಒಳ್ಳೆಯದು, ಆದರೆ ನಿಲ್ದಾಣದ ಘೋಷಣೆಯೂ ಕೇಳಿಸದೆ ಹೋಗಬಹುದು. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ.

ಹಂತ 4: ಪುಸ್ತಕ ತೆರೆಯುವ ಮುನ್ನ ನೀವೇ ಮಾತನಾಡಿಸಿ

ಇದನ್ನು ಓದಿ ಅನೇಕರಿಗೆ ಆಶ್ಚರ್ಯವಾಗಬಹುದು. ಮಾತು ಬೇಡವೆನ್ನುವವರು ತಾವೇ ಏಕೆ ಮಾತು ತೆಗೆಯಬೇಕು? ಒಂದು ತಾಸಿಗಿಂತ ಹೆಚ್ಚಿನ ಪ್ರಯಾಣದಲ್ಲಿ ನಾನು ಇದನ್ನು ತಪ್ಪದೆ ಪಾಲಿಸುತ್ತೇನೆ. ಆಸನಕ್ಕೆ ಬಂದ ಕೂಡಲೇ "ಎಲ್ಲಿ ತನಕ ಹೊಂಟೀರ್ರೀ?" ಎಂದು ಕೇಳಿ, ಅವರ ಉತ್ತರ ಆಲಿಸಿ, ನಿಮ್ಮ ಊರು ಹೇಳಿ, ಕಿಟಕಿಯೋ ಚೀಲ ಇಡುವ ಜಾಗವೋ ಏನಿದೆಯೋ ಅದನ್ನು ಇತ್ಯರ್ಥ ಮಾಡಿಕೊಂಡು, ಆನಂತರ ಪುಸ್ತಕ ತೆರೆಯಿರಿ. ಪಕ್ಕದವರಿಗೆ ನಿಮ್ಮ ಬಗ್ಗೆ ತಿಳಿಯಬೇಕಾದದ್ದು ತಿಳಿದಾಯಿತು, ಗೌರವವೂ ಸಂದಾಯಿತು. ಪ್ರಶ್ನೆ ಕೇಳಲು ತವಕಿಸುತ್ತಿದ್ದವರು ಹೀಗೆ ಸಮಾಧಾನಗೊಂಡರೆ ಬಹಳ ಹೊತ್ತು ಸುಮ್ಮನಿರುತ್ತಾರೆ.

ಹಂತ 5: "ಏನ್ ಓದಾಕತ್ತೀರಿ?" ಎಂದು ಕೇಳಿದಾಗ

ಪ್ರಶ್ನೆ ಬಂದ ಕೂಡಲೇ ತಲೆ ಎತ್ತಬೇಡಿ, ಓದುತ್ತಿರುವ ವಾಕ್ಯವನ್ನು ಮುಗಿಸಿ. ಎರಡು ಕ್ಷಣದ ಈ ವಿಳಂಬವನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಸಾಲಿನ ಪಕ್ಕ ಪೆನ್ಸಿಲಿನಿಂದ ಚುಕ್ಕೆಯಿಡಿ. ಬೆರಳನ್ನು ಪುಟದ ನಡುವೆ ಇಟ್ಟುಕೊಂಡೇ, ಅವರ ಮುಖ ನೋಡಿ, ನಗುಮುಖದಿಂದ ಉತ್ತರಿಸಿ. ಪುಸ್ತಕವನ್ನು ಪೂರ್ತಿ ಮುಚ್ಚಿದರೆ ಹರಟೆಗೆ ಒಪ್ಪಿದಿರೆಂದೇ ಅರ್ಥ.

ಉತ್ತರದಲ್ಲಿ ಮೂರು ಸಂಗತಿಗಳಿರಲಿ: ಪುಸ್ತಕ ಯಾವುದು, ಅದರಲ್ಲಿ ಏನಿದೆ, ನೀವೀಗ ಓದಬೇಕಾಗಿದೆ ಎಂಬುದು. ಹಿರಿಯರಿಗೆ ಹೀಗೆ ಹೇಳಬಹುದು: "ಕಾದಂಬರಿ ಐತ್ರಿ ಯಜಮಾನ್ರ, ಹಳ್ಳಿ ಮಂದೀ ಕಥಿ. ಭಾಳ ಚಲೋ ಐತಿ. ಇದೊಂದ್ ಅಧ್ಯಾಯ ಓದಿ ಮುಗಸ್ತೇನ್ರಿ, ಆಮ್ಯಾಲೆ ಮಾತಾಡೂಣ್ರಿ." ಸಮವಯಸ್ಕರಿಗೆ ಅಣ್ಣಾರ, ಅಕ್ಕಾರ ಎಂದು ಸೇರಿಸಿದರೆ ಸಾಕು. ಕೊನೆಯ ಮಾತಿನಲ್ಲಿ ಎಷ್ಟು ಓದುವುದಿದೆ ಎಂಬ ಅಳತೆ ಇರುವುದನ್ನು ಗಮನಿಸಿ. "ನಾ ಓದಾಕತ್ತೇನಿ" ಎಂದಷ್ಟೇ ಹೇಳಿದರೆ ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ಒಂದು ಅಧ್ಯಾಯ, ಇಪ್ಪತ್ತು ನಿಮಿಷ ಎಂದು ಅಳತೆ ಕೊಟ್ಟರೆ ಕೇಳಿದವರಿಗೆ ಕಾಯುವುದು ಸುಲಭ.

ಇಲ್ಲಿ ಓದುಗರು ಮಾಡುವ ತಪ್ಪುಗಳು ಹಲವು. "ಏನಿಲ್ರಿ, ಸುಮ್ನ" ಎಂದು ಹೇಳುವುದು ಮೊದಲನೆಯದು. ಸುಮ್ಮನೆ ಓದುತ್ತಿರುವವರಿಗೆ ಮಾತನಾಡಲು ಅಡ್ಡಿಯೇನು ಎಂದು ಅವರು ತಿಳಿದರೆ ಅದು ಅವರ ತಪ್ಪಲ್ಲ. ನಾಳೆ ಪರೀಕ್ಷೆಯಿದೆ ಎಂದು ಸುಳ್ಳು ಹೇಳುವುದು ಎರಡನೆಯದು. ಸುಳ್ಳಿಗೆ ಯಾವ ಪರೀಕ್ಷೆ, ಯಾವ ಕೇಂದ್ರ ಎಂಬ ಪ್ರಶ್ನೆಗಳು ಅಂಟಿಕೊಂಡು ಬರುತ್ತವೆ. ಕನ್ನಡ ತಿಳಿಯದವರಂತೆ ನಟಿಸುವವರೂ ಇದ್ದಾರೆಂದು ಕೇಳಿದ್ದೇನೆ. ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು ಹಾಗೆ ಮಾಡುವುದು ನನಗೆ ನೋವಿನ ಸಂಗತಿ.

ಪುಸ್ತಕವನ್ನೇ ನೋಡಲು ಕೇಳಿದರೆ ಚೀಟಿಯನ್ನು ಪುಟದಲ್ಲಿಟ್ಟು ಕೊಡಿ. ಹೆಚ್ಚಿನವರು ಹೊದಿಕೆ, ಬೆಲೆ, ಹಿಂಬದಿಯ ಚಿತ್ರ ನೋಡಿ ಮರಳಿಸುತ್ತಾರೆ. ಚಿಕ್ಕ ಮಕ್ಕಳು ಇಣುಕಿದರೆ ಒಂದು ಚಿತ್ರವನ್ನೋ ಒಂದು ದೊಡ್ಡ ಅಕ್ಷರವನ್ನೋ ತೋರಿಸಿ.

ಎಲ್ಲ ಮಾತೂ ಹರಟೆಯಲ್ಲ ಎಂಬುದನ್ನೂ ನೆನಪಿಡಬೇಕು. ಬಸ್ಸಿನ ಬೋರ್ಡು ಓದಿ ಹೇಳಿರೆಂದು, ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿದೆ ನೋಡಿರೆಂದು, ಮಗನ ಮೊಬೈಲಿಗೆ ಒಂದು ಕರೆ ಹಚ್ಚಿಕೊಡಿರೆಂದು ಕೇಳುವವರು ಪುಸ್ತಕ ಹಿಡಿದವರನ್ನೇ ಹುಡುಕಿ ಬರುತ್ತಾರೆ, ಏಕೆಂದರೆ ಓದು ಬಲ್ಲವರು ಯಾರೆಂಬುದಕ್ಕೆ ನಿಮ್ಮ ಕೈಯಲ್ಲಿರುವ ಪುಸ್ತಕವೇ ಗುರುತು. ಇಂಥವರಿಗೆ ಮೇಲಿನ ಯಾವ ಉಪಾಯವನ್ನೂ ಬಳಸಬೇಡಿ. ಪುಸ್ತಕ ಮುಚ್ಚಿ, ಅವರ ಕೆಲಸ ಪೂರ್ತಿ ಮಾಡಿಕೊಡಿ.

ಹಂತ 6: ಹೇಳಿದ ಮೇಲೂ ಮಾತು ನಿಲ್ಲದಿದ್ದರೆ

ಎರಡನೆಯ ಸಲ ಉತ್ತರ ಚಿಕ್ಕದಾಗಲಿ, ದನಿ ಮಾತ್ರ ಮೆತ್ತಗಿರಲಿ: "ತಪ್ಪ್ ತಿಳೀಬ್ಯಾಡ್ರಿ, ಇದನ್ನ ಇವತ್ತ ಮುಗಸಬೇಕಾಗೇತಿ." ಮೂರನೆಯ ಸಲಕ್ಕೆ ಮಾತು ಬೇಡ, ಬೇರೆ ಆಸನ ಖಾಲಿಯಿದ್ದರೆ "ಅಲ್ಲಿ ಬೆಳಕ ಚಲೋ ಐತ್ರಿ" ಎಂದು ಎದ್ದು ಹೋಗಿ. ಆಸನ ಖಾಲಿಯಿಲ್ಲದಿದ್ದರೆ, ಮಾತನಾಡುತ್ತಿರುವವರು ಒಂಟಿತನದಿಂದ ಬಳಲುತ್ತಿರುವ ವೃದ್ಧರಾಗಿದ್ದರೆ, ಪುಸ್ತಕ ಮುಚ್ಚುವುದೇ ಸರಿಯೆಂದು ನನ್ನ ಅಭಿಪ್ರಾಯ. ಬೇರೆ ಸಂದರ್ಭದಲ್ಲಿ ಹೂಂಗುಟ್ಟುವುದನ್ನು ನಿಲ್ಲಿಸಿ. ಹೂಂ ಎನ್ನುತ್ತಿರುವವರೆಗೆ ಮಾತು ಹರಿಯುತ್ತಲೇ ಇರುತ್ತದೆ.

ಮಹಿಳಾ ಓದುಗರು ಕೇಳಿರುವುದು ಇದಕ್ಕಿಂತ ಗಂಭೀರವಾದದ್ದು. ಪಕ್ಕದ ಅಜ್ಜಿ "ಯಾರ ಪೈಕಿ ಆದಿಯವಾ?" ಎಂದು ಕೇಳುವುದಕ್ಕೂ, ಅಪರಿಚಿತ ಗಂಡಸು ಪುಸ್ತಕದ ನೆಪದಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಇಳಿಯುವ ಜಾಗ ವಿಚಾರಿಸುವುದಕ್ಕೂ ಯಾವ ಹೋಲಿಕೆಯೂ ಇಲ್ಲ. ಎರಡನೆಯದಕ್ಕೆ ಪೂರ್ಣ ಉತ್ತರದ ನಿಯಮ ಅನ್ವಯಿಸುವುದಿಲ್ಲ, ಒಂದು ಮಾತಿನ ಉತ್ತರವನ್ನೂ ನೀವು ಕೊಡಬೇಕಾಗಿಲ್ಲ. ಸುತ್ತಲಿನವರಿಗೆ ಕೇಳಿಸುವಂತೆ ಗಟ್ಟಿಯಾಗಿ "ನನ್ನ ಮಾತಾಡಸಬ್ಯಾಡ್ರಿ" ಎಂದು ಹೇಳಿ, ಎದ್ದು ಬೇರೆ ಹೆಣ್ಣುಮಕ್ಕಳ ಪಕ್ಕಕ್ಕೆ ಹೋಗಿ, ಕಂಡಕ್ಟರಿಗೆ ತಿಳಿಸಿ. ರೈಲಿನಲ್ಲಿದ್ದರೆ 139, ಬೇರೆಲ್ಲಿಯಾದರೂ 112 ಸಂಖ್ಯೆಗೆ ಕರೆ ಮಾಡಿ. ಸೌಜನ್ಯಕ್ಕೆ ಕುಂದು ಬರುತ್ತದೆಂಬ ಅಂಜಿಕೆ ಇಲ್ಲಿ ಬೇಡವೇ ಬೇಡ.

ಹಂತ 7: ಮತ್ತೆ ಪುಟಕ್ಕೆ ಮರಳುವುದು

ಮಾತು ಮುಗಿದ ಮೇಲೆ ಚುಕ್ಕೆಯಿಟ್ಟ ಸಾಲಿನಿಂದಲೇ ಮುಂದುವರಿದರೆ ಅರ್ಥ ಹಿಡಿಯುವುದಿಲ್ಲ, ಕಣ್ಣು ಮಾತ್ರ ಓಡುತ್ತದೆ. ಆ ಪರಿಚ್ಛೇದದ ಆರಂಭಕ್ಕೆ ಹೋಗಿ ನಿಧಾನವಾಗಿ ಓದಿ. ಪದೇ ಪದೇ ಅಡಚಣೆಯಾಗುವ ದಿನ ಕಠಿಣವಾದ ಗದ್ಯವನ್ನು ಬದಿಗಿಟ್ಟು ವಚನ, ಕವಿತೆ ಅಥವಾ ಸಣ್ಣ ಪ್ರಬಂಧಕ್ಕೆ ಬದಲಾಯಿಸಿ. ಅವು ತುಂಡು ತುಂಡಾದ ಹೊತ್ತನ್ನೂ ಸಹಿಸುತ್ತವೆ. ಓದಿನಲ್ಲಿ ಮುಳುಗಿದಾಗ ಚೀಲದ ಪಟ್ಟಿ ಕಾಲಿಗೋ ತೋಳಿಗೋ ಸುತ್ತಿಕೊಂಡಿರಲಿ.

ಹಂತ 8: ಇಳಿಯುವ ಮುನ್ನ

ಇಳಿಯುವ ಜಾಗಕ್ಕಿಂತ ಒಂದೆರಡು ನಿಲ್ದಾಣ ಮೊದಲೇ ಓದು ನಿಲ್ಲಿಸಿ. ಹುಬ್ಬಳ್ಳಿಯಿಂದ ಬಂದು ಧಾರವಾಡದ ಜ್ಯುಬಿಲಿ ಸರ್ಕಲ್ಲಿಗೆ ಇಳಿಯುವವರು ಟೋಲ್‌ನಾಕಾ ಬಂದ ಕೂಡಲೇ ಪುಸ್ತಕ ಮುಚ್ಚಿದರೆ ಸರಿಯಾಗುತ್ತದೆ. ಚೀಟಿ ಇಟ್ಟದ್ದು, ಪೆನ್ಸಿಲ್ ಚೀಲಕ್ಕೆ ಸೇರಿದ್ದು, ಮೊಬೈಲ್ ಕಿಸೆಯಲ್ಲಿರುವುದು ನೋಡಿಕೊಳ್ಳಿ. ಆಮೇಲೆ ಮಾತನಾಡೋಣ ಎಂದು ಪಕ್ಕದವರಿಗೆ ಹೇಳಿದ್ದರೆ ಆ ಮಾತನ್ನು ನಡೆಸಿಕೊಡಬೇಕಾದ ಹೊತ್ತು ಇದೇ. "ಮುಗೀತ್ರಿ ಯಜಮಾನ್ರ, ಏನೋ ಕೇಳಾಕತ್ತಿದ್ರಿ" ಎಂದು ನೀವೇ ತಿರುಗಿ ಕೂತುಕೊಳ್ಳಿ. ಅವರು ಪುಸ್ತಕದ ಹೆಸರು ಕೇಳಿದರೆ ಬಾಯಲ್ಲಿ ಹೇಳುವುದರ ಜೊತೆಗೆ, ಟಿಕೆಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಕೊಟ್ಟು ಇಳಿಯಿರಿ.